ಗಾಯ ಮೂಸುವ ಕಾಂಪೌಂಡರ್

ಅವರ ಮೂಗು ಎಡಕ್ಕೆ ವಾಲಿತ್ತು. ಚಿಕ್ಕ ವಯಸ್ಸಿನಲ್ಲಿ ಜಟಕಾ ಕುದುರೆ ಒದ್ದದ್ದು ಎಂದು ನನಗೆ ಹೇಳಿದ್ದರು. ಅಮ್ಮನಿಗೆ ಹೇಳುವಾಗ ಆ ಕುದುರೆ ಎಮ್ಮೆಯಾಗಿತ್ತು. ಆ ಓರೆ ಮೂಗನ್ನು ನಾಯಿಯ ಗಾಯದಿಂದ ಒಂದು ಗೇಣು ದೂರಕ್ಕೆ ತಂದು, ಕಣ್ಣು ಮುಚ್ಚಿ, ಸಾರಿನ ಹದ ನೋಡುವ ಅಡುಗೆಯವರ ಹಾಗೆ ಉಸಿರು ಎಳೆದುಕೊಳ್ಳುತ್ತಿದ್ದರು. ಮೊದಲ ದಿನ ಅದನ್ನು ನೋಡಿ ನಾನು ಬಚ್ಚಲಿಗೆ ಓಡಿ ವಾಂತಿ ಮಾಡಿದೆ. ಈ ಬಗ್ಗೆ ಅನುಮಾನವಿಲ್ಲ, ಡೈರಿಯಲ್ಲಿದೆ. ಡೈರಿಯಲ್ಲಿ ಇಲ್ಲದ್ದನ್ನು ನಾನು ಈಗೀಗ ಅಷ್ಟು ನಂಬುವುದಿಲ್ಲ.

ಅವರು ಪ್ರಾಣಿಗಳ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಮನೆ ಹಲಸೂರಿನಲ್ಲಿ. ಕೆ.ಆರ್. ಪುರದ ನಮ್ಮ ಮನೆಗೆ ಒಂದು ದಿನ ಬಿಟ್ಟು ಒಂದು ದಿನ ಹಳೆಯ ಮೊಪೆಡ್‌ನಲ್ಲಿ ಬರುತ್ತಿದ್ದರು. ಕಳಿಸಿಕೊಟ್ಟವರು ನಮ್ಮ ನಾಯಿ ಜೂಲಿಯನ್ನು ನೋಡುತ್ತಿದ್ದ ಡಾಕ್ಟರು.

ಜೂಲಿಯ ಮೊಲೆಯ ಬುಡದಲ್ಲಿ ಮೊದಲು ಕಡಲೆಕಾಯಿಯಷ್ಟು ಗಂಟು ಕಂಡಿತ್ತು. ‘ಹಾಲುಗಂಟು ಕಣೆ, ಹಸುಗೂ ಬರುತ್ತೆ’ ಎಂದಳು ಅಮ್ಮ. ಎರಡು ಪದವಿ ಪಡೆದು ಕಾಲೇಜಿನಲ್ಲಿ ಪಾಠ ಹೇಳುವ ನಾನು ಎಂಟು ತಿಂಗಳು ಅದಕ್ಕೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಿದೆ. ನಿಂಬೆಹಣ್ಣಿನ ಗಾತ್ರವಾಗಿ ಒಡೆದ ಮೇಲೆ ಡಾಕ್ಟರ ಹತ್ತಿರ ಹೋದೆವು. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ‘ಕ್ಯಾನ್ಸರ್, ಎದೆಗೂ ಹೋಗಿದೆ. ಈಗ ಆಪರೇಷನ್ ಮಾಡಿ ಉಪಯೋಗ ಇಲ್ಲ. ಹೆಚ್ಚಂದ್ರೆ ಎರಡು ತಿಂಗಳು. ನೋವಾಗದ ಹಾಗೆ ನೋಡ್ಕೊಳ್ಳಿ’ ಎಂದರು. ಕಾರಿನಲ್ಲಿ ಎಲ್ಲರೂ ಅತ್ತೆವು. ಅತ್ತದ್ದು ಸುಲಭವಾಗಿತ್ತು. ಆಮೇಲೆ ಬಂದದ್ದು ವಾಸನೆ.

ಅದನ್ನು ಹೇಗೆ ಬರೆಯಲಿ? ಕೊಳೆತ ಮಾಂಸದ ಮೇಲೆ ಯಾರೋ ಬೆಲ್ಲ ಸುರಿದ ಹಾಗೆ. ಪರದೆಗೆ, ದಿಂಬಿಗೆ, ಡಬ್ಬಿಯಲ್ಲಿಟ್ಟ ಅವಲಕ್ಕಿಗೂ ಹತ್ತಿಕೊಂಡಿತ್ತು. ಅತ್ತಿಗೆ ಊದುಬತ್ತಿ ಹಚ್ಚಿದಳು, ಸ್ಪ್ರೇ ಹೊಡೆದಳು. ಮಲ್ಲಿಗೆಯೂ ಕೀವೂ ಸೇರಿ ಇನ್ನೊಂದು ವಾಸನೆ ಹುಟ್ಟಿತು, ಅದು ಮೊದಲಿನದಕ್ಕಿಂತ ಹೇಸಿಗೆ. ಮೊದಲ ವಾರ ಕಾಂಪೌಂಡರ್ ನಮ್ಮ ಹಾಲ್‌ನಲ್ಲಿ, ಸೋಫಾದ ಪಕ್ಕ, ಜೂಲಿ ಹನ್ನೊಂದು ವರ್ಷ ಮಲಗಿದ ಜಾಗದಲ್ಲೇ ಪಟ್ಟಿ ಕಟ್ಟಿದರು. ಎರಡನೆಯ ವಾರ ಅವಳನ್ನು ಕಾರ್ ಶೆಡ್ಡಿಗೆ ಹಾಕಲಾಯಿತು. ತಾತನ ಕಾಲದಲ್ಲಿ ಅದು ಹಸು ಕಟ್ಟುವ ಕೊಟ್ಟಿಗೆ. ಗಾಳಿ ಬರುತ್ತೆ, ತೊಳೆಯಲು ಸುಲಭ, ಅವಳಿಗೂ ಆರಾಮ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಅಲ್ಲಿ ನೊಣ ಎಷ್ಟಿದ್ದವು ಎಂಬ ಮಾತನ್ನು ಯಾರೂ ಎತ್ತಲಿಲ್ಲ.

ಹಾಕಲಾಯಿತು ಎಂದು ಬರೆದೆ. ಹಾಕಿದ್ದು ಯಾರು ಎಂಬುದನ್ನೂ ಬರೆಯಬೇಕು. ಎಷ್ಟೋ ಸಲ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ಕತೆ ಹೇಳಿದ್ದೇನೆ, ಪ್ರತಿ ಸಲವೂ ‘ನಮ್ಮಣ್ಣ ಶೆಡ್ಡಿಗೆ ಹಾಕಿಬಿಟ್ಟಿದ್ದ’ ಎಂದೇ ಹೇಳಿದ್ದೇನೆ. ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನಿಸಿರಲಿಲ್ಲ. ಅಣ್ಣ ಅವಳ ಸರಪಳಿ ಹಿಡಿದು ಬಾಗಿಲು ದಾಟುವುದು ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಹೋದ ವರ್ಷ ಬೇರೇನೋ ಹುಡುಕುವಾಗ ಆ ತಿಂಗಳ ಪುಟ ಸಿಕ್ಕಿತು. ನನ್ನದೇ ಅಕ್ಷರ: ‘ಜೂಲಿಯನ್ನು ಶೆಡ್ಡಿಗೆ ಬಿಟ್ಟುಬಂದೆ. ಬಾಗಿಲು ಕೆರೆದಳು. ತೆಗೆಯಲಿಲ್ಲ. ನಿದ್ದೆ ಚೆನ್ನಾಗಿ ಬಂತು.’

ಶೆಡ್ಡಿಗೆ ಹಾಕಿದ ಮಾರನೆಯ ದಿನ ಅವಳ ಹುಟ್ಟುಹಬ್ಬ. ಕೊನೆಯದು, ಮಾಡಲೇಬೇಕು ಎಂದು ಅತ್ತಿಗೆಗೆ ಆಸೆ. ನಾಯಿಗಳಿಗೆಂದೇ ಮಾಡುವ ಕೇಕ್ ತರಿಸಿದಳು. ಜೂಲಿಯನ್ನು ಶೆಡ್ಡಿನಿಂದ ವರಾಂಡಕ್ಕೆ ತಂದು, ತಲೆಗೆ ಕಾಗದದ ಟೋಪಿ ಹಾಕಿ, ಗಾಯ ಕಾಣದ ಹಾಗೆ ಅಮ್ಮನ ಶಾಲು ಹೊದಿಸಿದೆವು. ಫೋಟೊ ತೆಗೆದವಳು ನಾನು. ಶಾಲಿನ ಮೇಲೆ ನೊಣ ಕೂತಾಗ ಕೈಬೀಸಿ ಓಡಿಸಿ ಮತ್ತೆ ತೆಗೆದೆ. ಮುಗಿದ ಮೇಲೆ ಟೋಪಿ, ಶಾಲು ಕಳಚಿ ವಾಪಸ್ಸು ಶೆಡ್ಡಿಗೆ ನಡೆಸುವಷ್ಟರಲ್ಲಿ ಗೇಟಿನಲ್ಲಿ ಮೊಪೆಡ್ ನಿಂತಿತು.

ಅವರು ಟೋಪಿ ನೋಡಿದರು, ಕೇಕ್ ನೋಡಿದರು, ಶೆಡ್ಡಿನ ಗೋಣಿಚೀಲದ ಹಾಸಿಗೆ ನೋಡಿದರು.

‘ಕ್ಯಾಮೆರಾಗೆ ವಾಸ್ನೆ ಬರಲ್ಲ, ಅಲ್ವಾಮಾ?’ ಎಂದರು ನನಗೆ.

ಅಣ್ಣ, ‘ಹಂಗಲ್ಲ ಸಾರ್, ಒಳಗಡೆ ಊಟ ಮಾಡೋಕೇ ಆಗ್ತಿಲ್ಲ’ ಎಂದ.

‘ಹಂಗಾದ್ರೆ ನೀವು ಶೆಡ್ಡಲ್ಲಿ ಕೂತ್ಕೊಂಡು ಊಟ ಮಾಡಿ. ಇದು ಹಾಲಲ್ಲಿ ಮಲಗ್ಲಿ.’

ಅತ್ತಿಗೆ ಏನೋ ಹೇಳಹೋದಳು. ಅವರು ಕೈಚೀಲ ಕೆಳಗಿಡಲೇ ಇಲ್ಲ. ‘ಸಾಯೋ ನಾಯಿಗೆ ತಾನು ಏನ್ ತಪ್ಪು ಮಾಡ್ದೆ ಅಂತ ಯೋಚ್ನೆ ಬರಬಾರ್ದಮ್ಮಾ. ಮಾಮೂಲಿ ಜಾಗದಲ್ಲಾದ್ರೆ ಕಟ್ತೀನಿ. ಇಲ್ಲಿ ಕಟ್ಟಲ್ಲ. ಯಾರು ಹಾಕಿದ್ದು ಇಲ್ಲಿಗೆ?’

ಅಣ್ಣ ನನ್ನನ್ನು ನೋಡಿದ. ನಾನು ಮೊಬೈಲ್ ನೋಡುತ್ತಿದ್ದೆ.

‘ನಾನೇ ಸಾರ್’ ಎಂದ ಅಣ್ಣ.

ಅಮ್ಮ ಆಗ ಮಾತಾಡಿದಳು. ‘ಒಳಕ್ಕೆ ಕರ್ಕೊಂಡ್ ಬಾರೋ. ಎಷ್ಟು ಹಸು ಕರು ಹಾಕಿಸಿಲ್ಲ ನಾನು, ವಾಸ್ನೆಗೆ ಸಾಯ್ತೀವಾ?’ ಹಿಂದಿನ ದಿನ ಶೆಡ್ಡಿಗೆ ಹಾಕುವಾಗ ಅವಳೂ ಸುಮ್ಮನಿದ್ದಳು ಎಂಬುದನ್ನು ನಾನು ಮರೆತಿಲ್ಲ.

ಆ ದಿನ ಹಾಲ್‌ನಲ್ಲಿ ಅವರು ಹಳೆಯ ಪಟ್ಟಿ ಬಿಚ್ಚಿ ನನ್ನ ಮುಖದ ಮುಂದೆ ಹಿಡಿದರು. ‘ಮೂಸಮ್ಮಾ.’ ನಾನು ತಲೆ ಹಿಂದಕ್ಕೆಳೆದೆ. ‘ನೀನು ಮೂಸಿದ್ರೆ ತಾನೇ ನಾಳೆ ಜಾಸ್ತಿ ಆಯ್ತಾ ಕಮ್ಮಿ ಆಯ್ತಾ ಗೊತ್ತಾಗೋದು? ನಾನು ದಿನಾ ಬರ್ತೀನಾ?’ ಮೂಸಿದೆ. ಆಮೇಲೆ ಅವರು ಭೇದಿಗೆ ಕೊಡುವ ಮಾತ್ರೆಯನ್ನು ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಪುಡಿಮಾಡಿ ಗಾಯದ ಮೇಲೆ ಉದುರಿಸಿದರು. ನಾಲ್ಕು ದಿನಕ್ಕೆ ವಾಸನೆ ಅರ್ಧ ಇಳಿಯಿತು. ‘ವಾಸ್ನೆಗೂ ಔಷಧಿ ಇದೆ. ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ, ಊದುಬತ್ತಿ ಹಚ್ಚಿದ್ರಿ’ ಎಂದರು.

ಅಂದಿನಿಂದ ಜೂಲಿಯನ್ನು ಹಿಡಿದುಕೊಳ್ಳುವ ಕೆಲಸ ನನ್ನದಾಯಿತು. ಅಣ್ಣ ಬಲವಾದವನು, ಅವನು ಹಿಡಿದರೆ ಸುಲಭ. ಅವನು ಮುಂದೆ ಬಂದರೂ ‘ಬೇಡಪ್ಪ, ಮೇಡಂ ಹಿಡೀಲಿ’ ಎನ್ನುತ್ತಿದ್ದರು. ಒಮ್ಮೆ ಗಾಯದ ಮಡಿಕೆಯಲ್ಲಿ ಹುಳುಗಳು ಕಂಡವು, ಅಕ್ಕಿಯ ಕಾಳುಗಳಿಗೆ ಜೀವ ಬಂದ ಹಾಗೆ. ನನ್ನ ಬಾಯಿಗೆ ಹುಳಿನೀರು ಬಂತು. ಅವರು ಚಿಮಟದಿಂದ ಒಂದೊಂದೇ ತೆಗೆಯುತ್ತ, ತಲೆ ಎತ್ತದೆ, ‘ಹೊಟ್ಟೆ ತೊಳ್ಸಿದ್ರೆ ತೊಳ್ಸ್ಲಿಮಾ. ಹಿಡ್ಕೊಂಡಿರೋದು ಮಾತ್ರ ಬಿಡಬೇಡ’ ಎಂದರು. ಕೆಲಸ ಮುಗಿಸಿ ತಮ್ಮದೇ ಕೆಂಪು ಸೋಪಿನಲ್ಲಿ ಮೂರು ಸಲ ಕೈ ತೊಳೆದು ಗೇಟಿನಾಚೆ ಹೋದರು. ಇಣುಕಿ ನೋಡಿದೆ. ಮೋರಿಯ ಅಂಚಿನಲ್ಲಿ ಬಗ್ಗಿ ಓಕರಿಸುತ್ತಿದ್ದರು. ನನ್ನನ್ನು ಕಂಡು ಬಾಯಿ ಒರೆಸಿಕೊಂಡರು. ‘ಇಷ್ಟು ವರ್ಷ ಆಯ್ತು, ಇನ್ನೂ ಅಭ್ಯಾಸ ಆಗಿಲ್ಲ ನೋಡು’ ಎಂದು ನಕ್ಕರು.

ಇಪ್ಪತ್ತು ದಿನಗಳ ನಂತರ ಒಂದು ಮಧ್ಯಾಹ್ನ ಜೂಲಿ ಸೋಫಾದ ಪಕ್ಕ ಸತ್ತಳು. ನಾವು ಅಲ್ಲೇ ಊಟಕ್ಕೆ ಕೂತಿದ್ದೆವು. ಅಡುಗೆ ಉಪ್ಸಾರು. ಉಸಿರು ಎರಡು ಸಲ ಜೋರಾಗಿ ಬಂತು, ಆಮೇಲೆ ಬರಲಿಲ್ಲ. ಕಾಂಪೌಂಡರ್ ಬಂದವರು ಸುದ್ದಿ ಕೇಳಿ ಹೊರಡಲಿಲ್ಲ. ಎಂದಿನಂತೆ ಪಟ್ಟಿ ಬಿಚ್ಚಿ, ತೊಳೆದು, ಹೊಸದು ಕಟ್ಟಿದರು. ನಾನು ಹಿಡಿದುಕೊಂಡಿದ್ದೆ, ಒದೆಯದ ಕಾಲುಗಳನ್ನು. ಕೊನೆಯ ದಿನದವರೆಗೂ ನನ್ನ ಅಸಹ್ಯ ಹೋಗಲಿಲ್ಲ. ಹೋಯಿತೆಂದು ನೆನಪು ಹೇಳಿದರೆ ಅದೂ ಸುಳ್ಳೇ.

ಡೈರಿಯ ಪುಟ ಸಿಕ್ಕ ಮೇಲೆ ಅವರನ್ನು ಕಂಡು ನಿಜ ಹೇಳಬೇಕೆನಿಸಿತು. ಅಣ್ಣನಿಗೆ ಹೇಳಿದಾಗ ‘ಬಿಡೇ, ಯಾವ ಕಾಲದ್ದು’ ಎಂದಿದ್ದ. ಹೋಗೋಣ ಹೋಗೋಣ ಎಂದು ನಾನು ತಿಂಗಳುಗಟ್ಟಲೆ ಮುಂದೂಡಿದೆ. ಕೊನೆಗೆ ಜೂಲಿಗೆ ಔಷಧ ತರುತ್ತಿದ್ದ ಅಂಗಡಿಯವರು ಅವರು ತೀರಿಕೊಂಡ ಸುದ್ದಿ ಹೇಳಿದರು. ಹಲಸೂರಿನ ಓಣಿಯಲ್ಲಿ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದವರು ಸೊಸೆ.

‘ಯಾವ ನಾಯಿಯವರು ನೀವು?’ ಎಂದು ಕೇಳಿದರು. ಆ ಮನೆಗೆ ಜನ ಗೊತ್ತಿದ್ದದ್ದೇ ಹಾಗೆ.

‘ಜೂಲಿ. ಕೆ.ಆರ್. ಪುರ.’

‘ಓ, ಶೆಡ್ ಮೇಡಂ!’ ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡರು. ‘ಬೇಜಾರ್ ಮಾಡ್ಕೋಬೇಡಿ. ಮಾವ ಹಂಗೇ ಅಂತಿದ್ರು. ಪಾಪ ಆ ಅಣ್ಣ ತನ್ನ ಮೇಲೆ ಹಾಕ್ಕೊಂಡ, ಮಾಡಿದ್ದು ಮೇಡಮ್ಮೇ, ಮುಖ ನೋಡಿದ್ರೆ ಗೊತ್ತಾಗಲ್ವಾ ಅಂತ. ಅದಕ್ಕೇ ಪ್ರತಿ ಸಲ ನಿಮ್ಮ ಕೈಲೇ ಹಿಡಿಸಿದ್ರಂತೆ.’

ಹಲಸೂರಿನವರೆಗೆ ನಾನು ಹೊತ್ತು ತಂದಿದ್ದ ಮಾತು ಆ ಮನೆಯಲ್ಲಿ ಆಗಲೇ ಹಳೆಯದಾಗಿತ್ತು. ಆದರೂ ಹೊಸ್ತಿಲಲ್ಲಿ ನಿಂತು ಹೇಳಿದೆ: ‘ಹೌದು, ನಾನೇ ಹಾಕಿದ್ದು.’