ದೇವರಮನೆಯ ರೌಟರ್

ತಳೇಗಾಂವದ ಮಧ್ವೇಶನ ಆಫೀಸೆಂದರೆ ಹಿತ್ತಲಿನ ಪೇರಲ ಗಿಡದ ಕೆಳಗಿನ ತಗಡಿನ ಶೆಡ್ಡು. ಅಲ್ಲಿಗೆ ನೆಟ್ ಬರುವುದು ದೇವರಮನೆಯ ಕಿಟಕಿಯಿಂದ ಮಾತ್ರ. ಹಾಗಾಗಿ ರೌಟರ್ ಸಾಲಿಗ್ರಾಮದ ಪಕ್ಕದಲ್ಲೇ ಕೂತಿದೆ, ಅದಕ್ಕೂ ದಿನಾ ಅರಿಷಿಣ-ಕುಂಕುಮ. ಮಡಿಯಲ್ಲಿಲ್ಲದ ಮಧ್ವೇಶ ಅದನ್ನು ಮುಟ್ಟುವಂತಿಲ್ಲ. ಲ್ಯಾಪ್‌ಟಾಪಿನ ಮೀಟಿಂಗಿನಲ್ಲಿ ಸಾಹೇಬರ ಮುಖ ಬಾಯಿ ತೆರೆದಂತೆಯೇ ನಿಂತಿತೆಂದರೆ, "ಅವ್ವಾ, ದೀಪ ಹತ್ತ್ಯಾವೇನು?" ಎಂದು ಒದರುತ್ತಾನೆ. ಅವ್ವ ಕೃಷ್ಣಾಬಾಯಿ ಜಪ ಬಿಟ್ಟು, "ಮೂರು ಹಸರು, ಒಂದು ಕೆಂಪದ. ತಡಿ, ಶಾಂತ ಮಾಡಿ ಮತ್ತ ಹಚ್ತೀನಿ!" ಎಂದು ಸ್ವಿಚ್ಚು ಒತ್ತುತ್ತಾಳೆ, ಇಡೀ ಕಂಪನಿ ತನ್ನ ಬೆರಳ ಮೇಲೆ ನಿಂತಂತೆ. ಕಡೆಗೊಮ್ಮೆ ಶೆಡ್ಡಿಗೆ ಕೇಬಲ್ ಎಳೆಸಿದ. ನೆಟ್ ಕುದುರೆಯಂತೆ ಓಡಿತು. ಅವ್ವ ಮಾತ್ರ ಕಿಟಕಿಗೆ ಹತ್ತು ಸಲ ಬಂದು, "ಇನ್ನೂ ನೆಟ್ ಹೋಗಿಲ್ಲೇನಪಾ?" ಎಂದು ಕೇಳಿದಳು. ಈಗ ಮಧ್ವೇಶ ದಿನಕ್ಕೆರಡು ಸಲ ತಾನೇ ಕೇಬಲ್ ಕಿತ್ತು, "ಅವ್ವಾ, ದೀಪ ಹತ್ತ್ಯಾವೇನು?" ಎಂದು ಒದರುತ್ತಾನೆ.