ಕಾಫಿ ಕಣದಲ್ಲಿ ಅರ್ಧಕ್ಕೆ ನಿಂತ ಫೈನಲ್

ನಮ್ಮ ಬಡಾವಣೆಯಲ್ಲಿ ಈ ವಾರ ಏನೇನಿದೆ ಎಂದು ತಿಳಿಯಬೇಕಾದರೆ ಟೀಚರ್ ಮನೆಯ ಗೇಟು ನೋಡಬೇಕು. ಸಕಲೇಶಪುರದ ಇಳಿಜಾರಿನಲ್ಲಿರುವ ನಮಗೆ ಸಮತಟ್ಟಾದ ಜಾಗ ಎಂದರೆ ಅವರ ಕಾಫಿ ಕಣ ಒಂದೇ. ಅವರ ಹಿರಿಯರು ಮಂಗಳೂರು ಕಡೆಯಿಂದ ಬಂದು ತೋಟ ಮಾಡಿದಾಗ ಕಾಫಿ ಒಣಗಿಸಲು ಹಾಕಿಸಿದ ಸಿಮೆಂಟಿನ ಅಂಗಳ ಅದು. ತೋಟದ ಒಂದು ಭಾಗ ಸೈಟುಗಳಾಯಿತು, ಸುತ್ತ ಮನೆಗಳೆದ್ದವು, ಕಣ ಮಾತ್ರ ಉಳಿಯಿತು. ಕೊಯ್ಲಿನ ತಿಂಗಳುಗಳಲ್ಲಿ ಅಲ್ಲಿ ಕಾಫಿ ಹರಡಿರುತ್ತದೆ. ಉಳಿದ ದಿನ ಅದು ಎಲ್ಲರದು. ಟೀಚರ್ ಗಣಿತ ಕಲಿಸಿ ನಿವೃತ್ತರಾದವರು. ಗೇಟಿನ ಕರಿಹಲಗೆಯಲ್ಲಿ ಈಗಲೂ ದುಂಡಗೆ ಬರೆಯುತ್ತಾರೆ: ಮಂಗಳವಾರ ಮಕ್ಕಳಿಗೆ ಚೆಸ್, ಗುರುವಾರ ಭಜನೆ, ಶನಿವಾರ ಶಟಲ್, ಭಾನುವಾರ ತಾವು ಚರ್ಚಿನಿಂದ ಬಂದ ಮೇಲೆ ಹೊಲಿಗೆ ಕ್ಲಾಸು. ಕಡೆಗೆ, ಎಂದೂ ಅಳಿಸದ ಒಂದು ಸಾಲು: ಚಪ್ಪಲಿ ಹೊರಗೆ.

ಕೊಯ್ಲು ಮುಗಿದು ಕಣ ಖಾಲಿಯಾದ ಮೊದಲ ಭಾನುವಾರ ಹೆಂಗಸರ ಥ್ರೋಬಾಲ್ ನಡೆಯುತ್ತದೆ. ಮೇಲಿನ ಬೀದಿ, ಕೆಳಗಿನ ಬೀದಿ, ಎರಡೇ ತಂಡ. ಹಾಗಾಗಿ ಮೊದಲ ಪಂದ್ಯವೇ ಫೈನಲ್. ಟೀಚರ್ ಅಂಪೈರು, ನಮ್ಮವ್ವ ಅಂಕ ಬರೆಯುವವಳು. ಇಬ್ಬರಿಗೂ ಒಂದು ಪಾಯಿಂಟಿನ ವಿಷಯದಲ್ಲೂ ಹೊಂದಿಕೆಯಾದದ್ದನ್ನು ನಾನು ನೋಡಿಲ್ಲ.

ಅವ್ವನಿಗೆ ಜೇನು ಕಚ್ಚಿದರೆ ತಡೆಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಪಾಳ್ಯದ ಹತ್ತಿರ ಅವಳ ತವರಿನ ಗದ್ದೆ ಬದುವಿನಲ್ಲಿ ಒಂದೇ ಒಂದು ಜೇನು ಕಚ್ಚಿತು. ಆಲೂರಿನ ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಗಂಟಲು ಕಟ್ಟಿ ತುಟಿ ನೀಲಿಯಾಗಿತ್ತು. ಬದುಕಿಸಿ ಕಳಿಸಿದ ಡಾಕ್ಟರು, ಮುಂದಿನ ಸಲ ಇಷ್ಟು ಸಮಯವೂ ಸಿಗಲಿಕ್ಕಿಲ್ಲ, ಎಚ್ಚರವಾಗಿರಿ ಎಂದು ಹೇಳಿದ್ದರು.

ಕಣದ ಮೂಲೆಯಲ್ಲಿ ಎತ್ತರದ ನೀರಿನ ಟ್ಯಾಂಕಿದೆ. ಕಾಫಿ ಹೂವಾಗುವ ಕಾಲಕ್ಕೆ ಅದರ ತಳಕ್ಕೆ ಹೆಜ್ಜೇನು ಬಂದು ಕಟ್ಟುತ್ತದೆ, ಮಳೆಗಾಲಕ್ಕೆ ಹೊರಟುಹೋಗುತ್ತದೆ. ಬೇರೆ ವರ್ಷಗಳಲ್ಲಿ ಅದು ಬರುವಷ್ಟರಲ್ಲಿ ನಮ್ಮ ಪಂದ್ಯ ಮುಗಿದಿರುತ್ತಿತ್ತು. ಈ ಸಲ ಕಾಫಿ ಅರಳಿಸುವ ಹೂಮಳೆ ಮುಂಚೆಯೇ ಬಿತ್ತು. ಪಂದ್ಯದ ಹೊತ್ತಿಗೆ ಮೊರದಗಲದ ಜೇನುಹುಟ್ಟು ಕಪ್ಪಗೆ ತೂಗುತ್ತಿತ್ತು.

"ಈ ವರ್ಷ ನೀನು ಬರೋದು ಬೇಡ," ಎಂದೆ.

"ನಾನಿಲ್ದಿದ್ರೆ ಮೇಲಿನ ಬೀದಿಯೋರು ಹನ್ನೊಂದನ್ನ ಹದಿನೈದು ಅಂತ ಬರೆಸ್ತಾರೆ ಕಣೆ," ಎಂದಳು ಅವ್ವ. "ಅದರ ಪಾಡಿಗೆ ಅದು ಐತೆ. ನಾವು ತಂಟೆ ಮಾಡಿದ್ರೆ ತಾನೆ?"

ಟೀಚರ್ ಅಂಕದ ಮೇಜನ್ನು ಎತ್ತಿಸಿ, ಟ್ಯಾಂಕಿನಿಂದ ದೂರದ ಗೋಡೆಯ ಪಕ್ಕಕ್ಕೆ ಹಾಕಿಸಿದರು. ಅವರು ಮಾಡಬೇಕಾದದ್ದನ್ನು ಮಾಡಿದರು. ತಂಟೆ ಮಾಡಿದವಳು ನಾನು.

ನಾನು ಪ್ರಾಣಿಶಾಸ್ತ್ರದಲ್ಲಿ ಡಿಗ್ರಿ ಮಾಡಿದವಳು. ಹುಟ್ಟು ಕಟ್ಟಿದ ಜಾಗ ಅದುರಿದರೆ ಜೇನು ಏಳುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೇನೆ. ಅಂದು ಬೆಳಿಗ್ಗೆ ಮೈಕ್ ಸೆಟ್ಟಿನವರು ಬಂದು ಸ್ಪೀಕರಿನ ಹಾರ್ನ್ ಎಲ್ಲಿ ಕಟ್ಟಬೇಕು ಎಂದು ಕೇಳಿದಾಗ, "ಪ್ರತಿ ವರ್ಷ ಕಟ್ಟೋ ಕಡೆ, ಟ್ಯಾಂಕಿನ ಏಣಿಗೆ" ಎಂದೆ. ಹುಟ್ಟು ಏಣಿಯ ಆಚೆ ಬದಿಗಿತ್ತು, ಅವರಿಗೆ ಕಾಣಲಿಲ್ಲ. ನನಗೆ ಅದು ಅಲ್ಲಿರುವುದು ಗೊತ್ತಿತ್ತು. ಏಣಿಯ ಬುಡ ಹಿಡಿದುಕೊಂಡು ನಿಂತಿದ್ದವಳೂ ನಾನೇ. ಈಗ ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕೂತಿರುವಾಗ, ಆ ಒಂದು ವಾಕ್ಯ ನನ್ನ ಬಾಯಿಂದ ಮತ್ತೆ ಹೊರಡುತ್ತದೆ. ಪ್ರತಿ ಸಲವೂ ಅದನ್ನು ಹೇಳಿ ಮುಗಿಸಿಯೇ ಬಿಡುತ್ತೇನೆ.

ಆಟ ಚೆನ್ನಾಗಿ ನಡೆದಿತ್ತು. ನಮ್ಮ ಕೆಳಗಿನ ಬೀದಿ ಹನ್ನೊಂದು, ಮೇಲಿನ ಬೀದಿ ಒಂಬತ್ತು. ಸೀರೆ ಎತ್ತಿ ಕಟ್ಟಿದವರು, ಮಗಳ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡವರು, ಎಲ್ಲರ ಮುಖ ಕೆಂಪಾಗಿತ್ತು. ನೀರು ಕುಡಿಯಲು ಬಿಟ್ಟಾಗ ಮೈಕಿನವರು ಒಂದು ಹಾಡು ಹಾಕಿ ಸದ್ದು ಏರಿಸಿದರು. ನಾನು ಯಾಕೆ ತಲೆಯೆತ್ತಿದೆನೋ ತಿಳಿಯದು. ಹುಟ್ಟಿನ ಮೇಲೆ, ಮೇಲಿನಿಂದ ಕೆಳಕ್ಕೆ, ಒಂದು ಅಲೆ ಓಡಿತು. ಮತ್ತೊಂದು ಓಡಿತು. ಆಮೇಲೆ ಹುಟ್ಟಿನ ಜೇನೆಲ್ಲ ಬಿಚ್ಚಿಕೊಂಡು ಗಾಳಿಗೆ ಬಂತು.

ಕೂಗಿದವರು ಟೀಚರ್. ಆದರೆ ಅವರು ಜೇನು ಎನ್ನಲಿಲ್ಲ.

"ಮಳೆ ಬಂತು, ಟಾರ್ಪಾಲ್," ಎಂದರು.

ತಲೆಯ ಮೇಲೆ ಬಿಸಿಲು ಸುರಿಯುತ್ತಿತ್ತು. ಆದರೂ ಒಬ್ಬರೂ ಆಕಾಶ ನೋಡಲಿಲ್ಲ. ನಮ್ಮ ಕಡೆಯ ಹೆಂಗಸರಿಗೆ ಆ ಮಾತು ಕಿವಿಗೆ ಬಿದ್ದರೆ ಸಾಕು, ಕೈ ತಾನಾಗಿ ಏಳುತ್ತದೆ. ಒಣಗಿದ ಕಾಫಿಯ ಮೇಲೆ ಹನಿ ಬಿದ್ದರೆ ವರ್ಷದ ಕೆಲಸ ಹಾಳು. ಗೋಡೆಯ ಪಕ್ಕ ಮಡಿಸಿಟ್ಟಿದ್ದ ದೊಡ್ಡ ನೀಲಿ ಟಾರ್ಪಾಲನ್ನು ಎರಡೂ ತಂಡದವರು ನಾಲ್ಕು ಮೂಲೆ ಹಿಡಿದು ಎಳೆದರು. ಅದು ಹರಡಿದ ಮೇಲೆ ಟೀಚರ್, "ಈಗ ಒಳಗೆ ನುಗ್ಗಿ, ಅಂಚು ಮೆಟ್ಟಿ ಕೂತುಕೊಳ್ಳಿ, ಹೆಜ್ಜೇನು," ಎಂದರು. ಜೇನು ಎಂದು ಮೊದಲೇ ಕೂಗಿದ್ದರೆ ನಾವು ದಿಕ್ಕಿಗೊಬ್ಬರು ಓಡುತ್ತಿದ್ದೆವು. ಅವ್ವನಿಗೆ ಓಡಲಾಗುತ್ತಿರಲಿಲ್ಲ. ನಾನು ಅವಳನ್ನು ಮೇಜಿನಿಂದ ಎಳೆದುಕೊಂಡು ಒಳಗೆ ತಳ್ಳಿದೆ. ಮೈಕಿನವರು ವೈರು ಕಿತ್ತು ಎದುರು ಮನೆಗೆ ಓಡಿದರು.

ಒಳಗೆ ಇಪ್ಪತ್ತು ಜನ, ನೀಲಿ ಬೆಳಕು, ಬೆವರು, ಕಾಫಿ ಸಿಪ್ಪೆಯ ವಾಸನೆ. ಮೇಲೆ ಪಟಪಟ ಎಂದು ನಿಜವಾಗಿ ಮಳೆ ಹೊಡೆದಂತೆಯೇ ಜೇನು ಬಡಿಯುತ್ತಿತ್ತು. ಆಮೇಲೆ ಕೆಳಗಿನ ಬೀದಿಯವರೊಬ್ಬರು ಮೆಲ್ಲಗೆ, "ನೀವು ಸೋಲೋ ಟೈಮಿಗೆ ಸರಿಯಾಗಿ ಜೇನು ಕರೆಸ್ಕಂಡ್ರಲ್ಲ ಕಣ್ರೀ," ಎಂದರು.

"ನಿಮ್ ಆಟ ನೋಡಕ್ಕಾಗ್ದೆ ಅವೇ ಎದ್ದು ಬಂದವೆ," ಎಂದು ಮೇಲಿನ ಬೀದಿಯ ಉತ್ತರ ಬಂತು.

"ನಗಬೇಡಿ ಮಾರಾಯ್ತಿ, ಅಂಚು ಏಳ್ತದೆ," ಎಂದರು ಟೀಚರ್.

ಆಗ ಅವ್ವನ ಕಿವಿಯ ಹಿಂದೆ ನನಗೆ ಅದು ಕಂಡಿತು. ಒಂದೇ ಒಂದು ಜೇನು ಒಳಗೆ ಬಂದಿತ್ತು. ತಲೆಗೆ ಹೊದ್ದ ಸೆರಗಿನ ಅಂಚಿನಿಂದ ಕುತ್ತಿಗೆಯ ಕಡೆಗೆ ನಿಧಾನವಾಗಿ ನಡೆಯುತ್ತಿತ್ತು. ಕೈ ಬೀಸಿದರೆ ಕಚ್ಚುತ್ತದೆ. ಅವ್ವನಿಗೆ ಹೇಳಿದರೆ ಅವಳು ಬೆಚ್ಚುತ್ತಾಳೆ. ನನಗೆ ಇದೆಲ್ಲ ಗೊತ್ತಿತ್ತು, ಮಾಡಲು ಮಾತ್ರ ಏನೂ ತೋಚಲಿಲ್ಲ. ನಾನು ನೋಡುತ್ತಿದ್ದುದನ್ನು ಟೀಚರ್ ನೋಡಿದರು. ನೊಣ ಹಿಡಿಯುವವರ ಹಾಗೆ ಬಲಗೈ ಚಾಚಿ, ಅದನ್ನು ಅಂಗೈಯೊಳಗೆ ತೆಗೆದುಕೊಂಡು ಮುಷ್ಟಿ ಮುಚ್ಚಿದರು. ಅವರ ಕಣ್ಣು ಒಮ್ಮೆ ಗಟ್ಟಿಯಾಗಿ ಮುಚ್ಚಿ ತೆರೆಯಿತು. ಅಷ್ಟೇ.

ಮುಷ್ಟಿ ಬಿಚ್ಚಲಿಲ್ಲ. ಕಚ್ಚಿದ ಜಾಗದ ವಾಸನೆಗೆ ಉಳಿದವೂ ಬರುತ್ತವೆ ಎಂಬುದನ್ನು ತೋಟದವರಿಗೆ ಪುಸ್ತಕ ಹೇಳಿಕೊಡಬೇಕಾಗಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವ್ವ ತಿರುಗಿ ನೋಡಿದಳು. "ಏನ್ ಟೀಚರ್, ಮುಷ್ಟಿ ಬಿಗಿ ಹಿಡ್ದಿದ್ದೀರಿ. ಹನ್ನೊಂದು ಒಂಬತ್ತು ಅಂದಿದ್ಕೆ ನಂಗೆ ಗುದ್ದೋ ಅಂದಾಜಾ?"

"ಹತ್ತು ಒಂಬತ್ತು," ಎಂದರು ಟೀಚರ್. "ಕೊನೆಯದು ಗೆರೆ ಮೆಟ್ಟಿದ್ದು. ನಾನು ಕೊಡಲಿಲ್ಲ."

"ಕೊಟ್ರಿ. ನಾನು ಬರ್ಕಂಡಿದ್ದೀನಿ."

ಹೀಗೆ ಮುಕ್ಕಾಲು ಗಂಟೆ. ಮೇಲಿನ ಬಡಿತ ವಿರಳವಾಗಿ, ನಿಂತು, ಎದುರು ಮನೆಯ ಕಿಟಕಿಯಿಂದ "ಎಲ್ಲಾ ಹೋದ್ವು, ಬನ್ನಿ" ಎಂಬ ಕೂಗು ಬಂದ ಮೇಲೆ ಹೊರಗೆ ಬಂದೆವು. ಅಂಚಿನಲ್ಲಿ ಕೂತಿದ್ದ ನಾಲ್ವರಿಗೆ ಒಂದೆರಡು ಕಡಿತ, ಅಷ್ಟರಲ್ಲೇ ಮುಗಿದಿತ್ತು. ನಾನು ಅವ್ವನ ಕುತ್ತಿಗೆ, ತೋಳು, ಕಾಲು ಎಲ್ಲ ತಡವಿ ನೋಡಿದೆ. ಅವಳು ಕೈ ತಳ್ಳಿದಳು. ಆಮೇಲೆ ಟೀಚರ್ ಮುಷ್ಟಿ ಬಿಚ್ಚಲು ಹೋಗಿ ಆಗದೆ, ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಿದ್ದನ್ನು ಅವಳು ನೋಡಿದಳು. ಅಂಗೈ ಬನ್ನಿನ ಹಾಗೆ ಊದಿತ್ತು. ನಡುವೆ ಸತ್ತ ಜೇನಿತ್ತು. ಅದು ಎಲ್ಲಿ ಸಿಕ್ಕಿತು ಎಂದು ಅವ್ವ ಕೇಳಲಿಲ್ಲ. ನನ್ನ ಮುಖ ನೋಡಿದಳು, ತನ್ನ ಕಿವಿಯ ಹಿಂದೆ ಮುಟ್ಟಿಕೊಂಡಳು, ಅಂಕದ ಮೇಜಿನ ಕುರ್ಚಿಯಲ್ಲಿ ಕೂತಳು.

ಸಂಜೆ ನಾನು ಹಾರ್ನಿನ ವಿಷಯ ಇಬ್ಬರೆದುರಿಗೂ ಹೇಳಿದೆ. "ಹೌದು, ನೀನು ಮಾಡಿದ್ದು ತಪ್ಪು," ಎಂದರು ಟೀಚರ್, ಲೆಕ್ಕ ತಪ್ಪಿದ ವಿದ್ಯಾರ್ಥಿನಿಗೆ ಹೇಳುವಷ್ಟೇ ಶಾಂತವಾಗಿ. "ಮುಂದಿನ ಸಲ ಕಾಫಿ ಶೆಡ್ಡಿಗೆ ಕಟ್ಟಿಸು."

ಮರುದಿನ ಬೆಳಿಗ್ಗೆ ಅವ್ವ ಮನೆಯಲ್ಲಿ ಕಾಣಲಿಲ್ಲ. ಹುಡುಕುತ್ತಾ ಹೋದರೆ ಟೀಚರ್ ಮನೆಯ ಜಗಲಿಯಲ್ಲಿದ್ದಳು. ಬಲಗೈ ಎತ್ತಲಾಗದ ಟೀಚರ್ ಕೆಳಗಿನ ಮೆಟ್ಟಿಲಲ್ಲಿ, ಅವ್ವ ಮೇಲಿನ ಮೆಟ್ಟಿಲಲ್ಲಿ. ಬಾಚಣಿಗೆ ಬಾಯಲ್ಲಿ ಕಚ್ಚಿಕೊಂಡು ಅವರ ನರೆತ ಕೂದಲನ್ನು ಮೂರು ಎಳೆ ಮಾಡುತ್ತಿದ್ದಳು.

ಆಮೇಲೆ ಊತ ಇಳಿದು ಕೈ ಪೂರ್ತಿ ಆಡತೊಡಗಿತು. ಅವ್ವ ಹೋಗುವುದು ನಿಂತಿಲ್ಲ.

"ಈಗ ಜಡೆ ನಾನೇ ಹಾಕಿಕೊಳ್ತೇನೆ," ಎಂದರು ಟೀಚರ್ ಮೊನ್ನೆ.

"ತಲೆ ಅಲ್ಲಾಡಿಸ್ಬೇಡಿ," ಎಂದಳು ಅವ್ವ. "ಹತ್ತು ಒಂಬತ್ತೇ ಆಗ್ಲಿ."

ಟೀಚರ್ ತಲೆ ಅಲ್ಲಾಡಿಸಲಿಲ್ಲ.