ಒಂದು ಸಾಲಿನ ತಿದ್ದುಪಡಿ

ಬರೆದಿಟ್ಟ ಮಾತಿನ ಮುಂದೆ ಸತ್ಯ ಸದಾ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಇದನ್ನು ನಾನು ಉಪನಿಷತ್ತಿನಿಂದ ಕಲಿಯಲಿಲ್ಲ. ಪ್ರೋಗ್ರಾಮಿಂಗ್ ಭಾಷೆಯೊಂದರ ಕೈಪಿಡಿಯಲ್ಲಿ ಒಂದು ಸಾಲು ತಿದ್ದಿಸಲು ಹೋಗಿ ಕಲಿತೆ.

ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿ, ಪಾಂಡವಪುರ ದಾಟಿ, ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವುದು ನನ್ನ ಕಸುಬು. ಆ ಭಾಷೆಯಲ್ಲಿ ಪಟ್ಟಿಯನ್ನು ಅನುಕ್ರಮವಾಗಿ ಜೋಡಿಸುವ ಆಜ್ಞೆಯೊಂದಿದೆ. ಜೋಡಿಸಿದ ಹೊಸ ಪಟ್ಟಿ ಸಿಗುತ್ತದೆ, ಮೂಲ ಪಟ್ಟಿ ಇದ್ದ ಹಾಗೆಯೇ ಉಳಿಯುತ್ತದೆ ಎಂದು ಅಂತರ್ಜಾಲದ ಅಧಿಕೃತ ಕೈಪಿಡಿ ಹೇಳುತ್ತಿತ್ತು. ಉಳಿಯುವುದಿಲ್ಲ. ಮೂಲ ಪಟ್ಟಿಯೇ ಅದಲುಬದಲಾಗುತ್ತದೆ. ಯಾರು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದರೂ ಕಾಣುವ ಸಂಗತಿ. ಆದರೆ ಓಡಿಸಿ ನೋಡುವುದು ನಮ್ಮಲ್ಲಿ ವಾಡಿಕೆಯಲ್ಲ. ನಮಗೆ ಕೈಪಿಡಿ ಎಂದರೆ ಬಸ್ ನಿಲ್ದಾಣದೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಅದನ್ನೇ ಮುದ್ರಿಸಿ ಸ್ಪೈರಲ್ ಹಾಕಿಸಿದ ಕಟ್ಟು. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡುತ್ತಾರೆ, ಪ್ರಶ್ನೆ ತೆಗೆಯುವವರೂ ಅದನ್ನೇ ತೆರೆಯುತ್ತಾರೆ. ಕಂಪ್ಯೂಟರು ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಂಡು ತೆಪ್ಪಗಿರುತ್ತದೆ.

ಪಾಂಡವಪುರದಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಮಾತ್ರ ಓಡಿಸಿ ನೋಡಿದ್ದಳು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು, ಕಂಡದ್ದನ್ನು ಬರೆದಳು. ಸೊನ್ನೆ ಸಿಕ್ಕಿತು. ಆ ಸೊನ್ನೆಯಿಂದಲೇ ಫೇಲಾದಳು. ಮೈಸೂರಿನಲ್ಲಿ ಅವಳಿಗೆ ಎಂಸಿಎ ಸೀಟು ಸಿಕ್ಕಿತ್ತು. ಪಾಸಾದ ಅಂಕಪಟ್ಟಿ ಒಪ್ಪಿಸದಿದ್ದರೆ ಅದು ಕೈತಪ್ಪುತ್ತಿತ್ತು.

"ಕಣ್ಣಾರೆ ನೋಡೇ ಬರ್ದಿದ್ದು ಸಾ. ನಮ್ಮಪ್ಪ ನೋಡುದ್ರೆ, ಎಲ್ರಂಗೆ ಬರ್ಯಕ್ಕೆ ನಿಂಗೇನ್ ರೋಗ ಬಂದಿತ್ತು ಅಂತ ಬಯ್ತಾವ್ರೆ" ಎಂದಳು.

ಆ ಪ್ರಶ್ನೆಗೆ ಮಾದರಿ ಉತ್ತರ ಬರೆದವರು ನಾಗಮಂಗಲದ ಹಿರಿಯ ಅಧ್ಯಾಪಕರು, ನನಗೆ ಹಳೆಯ ಪರಿಚಯ. ಅವರು ಒಂದು ಮಾತು ಬರೆದುಕೊಟ್ಟರೆ ಅಂಕ ಸಿಗುವಂತಿತ್ತು. ಲ್ಯಾಪ್‌ಟಾಪ್ ಹೊತ್ತು ಅವರ ಮನೆಗೇ ಹೋಗಿ, ಎದುರಿಗೇ ಓಡಿಸಿ ತೋರಿಸಿದೆ. ಎಳನೀರು ಕೊಟ್ಟರು, ಮಾತು ಕೊಡಲಿಲ್ಲ.

"ಇದು ನಿನ್ ಮಿಸೀನ್ ಏಳೋದು ಕಣಯ್ಯ. ಪುಸ್ತಕದಲ್ಲಿ ಏನೈತೆ?"

"ಪುಸ್ತಕವೇ ತಪ್ಪು ಸಾರ್."

"ಅಂಗಾದ್ರೆ ಮೊದ್ಲು ಪುಸ್ತಕ ತಿದ್ಸ್ಕಂಡ್ ಬಾ. ಒಂದ್ ಸಾಲ್ ತಾನೆ? ಅದ್ಯಾಕಿಂಗೆ ಮಕ ಮಾಡ್ಕಂಡಿದ್ದೀಯ?"

ಒಂದು ಸಾಲು ತಾನೆ ಎಂದು ನಾನೂ ನಂಬಿದೆ. ಕೈಪಿಡಿಯನ್ನು ಯಾರು ಬೇಕಾದರೂ ತಿದ್ದಬಹುದು ಎಂದು ಅದರ ಮೊದಲ ಪುಟದಲ್ಲೇ ಇತ್ತು. ಲಗ್ನಪತ್ರಿಕೆಯ 'ಸಕುಟುಂಬ ಸಮೇತ ಬನ್ನಿ' ಎಂಬಂಥ ಮಾತು. ತಿದ್ದಿ ಕಳಿಸಿದೆ. ಮೊದಲು ದೂರು ದಾಖಲಿಸು ಎಂದಿತು ಅಲ್ಲಿ ಕಾವಲಿಗಿದ್ದ ತಂತ್ರಾಂಶ. ದಾಖಲಿಸಿದೆ. ನನ್ನ ಸಾಲನ್ನು ಅವರು ಬಳಸಬಹುದೆಂಬ ಒಪ್ಪಂದಕ್ಕೆ ಸಹಿ ಹಾಕು ಎಂದಿತು. ಹಾಕಿದೆ. ಬಳಿಕ ತಿದ್ದುಪಡಿ ಪರಿಶೀಲಿಸುವ ಮನುಷ್ಯರು ಬಂದರು, ತಂತ್ರಾಂಶವೇ ವಾಸಿಯಿತ್ತು. ಕೈಪಿಡಿ ಸರಿಯಾಗಿಯೇ ಇದೆ, ಭಾಷೆಯನ್ನೇ ತಿದ್ದಬೇಕೇನೋ ಎಂದು ಒಬ್ಬರು ಚಿಂತಿಸಿದರು. ನನ್ನ ಸಾಲು ಉದ್ದವಾಯಿತು, ಮುರಿದು ಬರೆ ಎಂದರು ಇನ್ನೊಬ್ಬರು. ಮುರಿದೆ. ಆಮೇಲೆ ಎಲ್ಲರೂ ಮೌನ. ಇಲ್ಲಿ ಚಟುವಟಿಕೆ ಕಾಣುತ್ತಿಲ್ಲ ಎಂದು ಆ ತಂತ್ರಾಂಶ ನನ್ನ ತಿದ್ದುಪಡಿಯನ್ನೇ ಮುಚ್ಚಿಹಾಕಿತು. ಸುಮ್ಮನೆ ಕೂತವನು ನಾನಲ್ಲ ಎಂದು ಅದಕ್ಕೆ ತಿಳಿಸುವ ಬಗೆ ಯಾವುದು? ಕೈಕಾಲು ಹಿಡಿದು ಮತ್ತೆ ತೆರೆಸಿದೆ. ಇತ್ತ ಹುಡುಗಿ ದಿನವೂ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು "ಆಯ್ತಾ ಸಾ?" ಎನ್ನುವಳು. ನನಗೆ ಆ ಬಾಗಿಲ ಮೇಲೇ ಸಿಟ್ಟು ಬರತೊಡಗಿತು.

ಸೀಟಿನ ಗಡುವು ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಕೈಪಿಡಿಯ ಸಾಲು ಬದಲಾಯಿತು. ಪುಟವನ್ನು ಮುದ್ರಿಸಿಕೊಂಡು ನಾಗಮಂಗಲಕ್ಕೆ ಓಡಿದೆ. ಹಿರಿಯರು ಕನ್ನಡಕ ಏರಿಸಿ, ನಿಧಾನವಾಗಿ ಓದಿ, ತಲೆದೂಗಿದರು.

"ಈಗ ಸರಿಯಾಗೈತೆ. ಆದ್ರೆ ಪರೀಕ್ಷೆ ನಡ್ದಾಗ ಇಂಗಿರ್ಲಿಲ್ವಲ್ಲಯ್ಯ? ಅವತ್ತಿನ ಉತ್ರಕ್ಕೆ ಅವತ್ತಿನ ಪುಸ್ತಕ."

"ಅದು ಅವತ್ತೂ ತಪ್ಪೇ ಅಲ್ವಾ ಸಾರ್?"

"ತಪ್ಪೋ ಸರಿಯೋ, ಇತ್ತು ತಾನೆ? ಬುಡು ಅತ್ಲಾಗೆ."

ಹುಡುಗಿಗೆ ಆ ವರ್ಷದ ಸೀಟು ಹೋಯಿತು. ಮರುಪರೀಕ್ಷೆ ಕಟ್ಟಿ ಪಾಸಾದಳು.